ಸಂಬಂಧ ಕುದುರಿಸುವ ಮುನಿಸ್ವಾಮಪ್ಪ

ಕಾಮಸಮುದ್ರದ ಸುತ್ತಿನ ಹಳ್ಳಿಗಳಲ್ಲಿ ಗಂಡಿಗೆ ಹೆಣ್ಣು, ಹೆಣ್ಣಿಗೆ ಗಂಡು ಹುಡುಕಿಕೊಡುವವರು ಇಬ್ಬರು ಮೂವರು ಇದ್ದರು. ಆದರೆ ಜನ ದಾರಿ ಕಾಯುತ್ತಿದ್ದದ್ದು ಮುನಿಸ್ವಾಮಪ್ಪನನ್ನು. ಅವನು ಜಗಲಿಯ ಮೇಲೆ ಕೂತು ಎಲೆಯಡಿಕೆ ಚೀಲ ಬಿಚ್ಚಿದನೆಂದರೆ ಒಳಗಿದ್ದ ಹೆಂಗಸರೂ ಕೆಲಸ ಬಿಟ್ಟು ಬಾಗಿಲ ಹಿಂದೆ ಬಂದು ನಿಲ್ಲುತ್ತಿದ್ದರು. ಯಾರ ಮನೆಯ ಎಮ್ಮೆ ಕರು ಹಾಕಿತು, ಯಾವ ಅತ್ತೆ ಯಾವ ಸೊಸೆಗೆ ಹೆದರುತ್ತಾಳೆ, ಎಲ್ಲವೂ ಅವನ ನಾಲಗೆಯ ತುದಿಯಲ್ಲಿ. ಸಂಬಂಧ ಕೂಡಿಬರಲಿ ಬಿಡಲಿ, ಅವನು ಎದ್ದುಹೋದ ಮೇಲೂ ಆ ಮನೆಯಲ್ಲಿ ಸ್ವಲ್ಪ ಹೊತ್ತು ನಗು ಉಳಿದಿರುತ್ತಿತ್ತು.

ಹುಟ್ಟಿದ್ದು ಬೇತಮಂಗಲದ ಕೆರೆಯ ಕೆಳಗಿನ ಒಂದು ಹಳ್ಳಿಯಲ್ಲಿ. ಮೀಸೆ ಮೂಡುವ ವಯಸ್ಸಿನಲ್ಲಿ ಊರಿಗಾಂ ಚಿನ್ನದ ಗಣಿಗೆ ಕೆಲಸಕ್ಕೆ ಸೇರಿದ. ಅದಿರು ಕುಟ್ಟುವ ಗಿರಣಿಯಲ್ಲಿ ಕೆಲಸ. ಕಬ್ಬಿಣದ ಒನಕೆಗಳು ಬೆಳಗ್ಗೆ ಸಂಜೆ ಕುಟ್ಟುತ್ತಲೇ ಇರುತ್ತಿದ್ದವು. ಪಕ್ಕದಲ್ಲಿ ನಿಂತವನಿಗೆ ಏನು ಹೇಳಬೇಕಾದರೂ ಕಿವಿಗೆ ಬಾಯಿಟ್ಟು ಕೂಗಬೇಕು. ಕೆಲಸ ಕಷ್ಟ ಅಂತಲ್ಲ, ಮಾತಾಡಲು ಆಗುವುದಿಲ್ಲ ಅಂತ ಅವನು ಗಿರಣಿ ಬಿಟ್ಟುಬಂದ. ಬರುವಾಗ ಎರಡು ವಸ್ತು ತಂದ. ಒಂದು, ದೊಡ್ಡ ಗಂಟಲು. ಇನ್ನೊಂದು, ತಮಿಳು. ತೆಲುಗು ಮನೆಯಲ್ಲೇ ಇತ್ತು, ಕನ್ನಡ ಬೀದಿಯಲ್ಲಿ ಇತ್ತು. ಗಿರಣಿಯ ಗೆಳೆಯನೊಬ್ಬನಿಗೆ ತನ್ನ ಚಿಕ್ಕಪ್ಪನ ಮಗಳನ್ನು ಕೊಡಿಸಿದ್ದೇ ಮೊದಲ ಸಂಬಂಧ. ಆ ಜೋಡಿ ಚೆನ್ನಾಗಿ ಬಾಳಿತು. ಇನ್ನೊಬ್ಬರು ಕೇಳಿದರು, ಮತ್ತೊಬ್ಬರು ಕೇಳಿದರು, ಹಾಗೇ ಅದು ಕಸುಬಾಯಿತು.

ಕಾಮಸಮುದ್ರದಲ್ಲಿ ರೈಲು ಹತ್ತಿದರೆ ಬಿಸಾನತ್ತಂ, ಗುಡುಪಲ್ಲಿ, ಕುಪ್ಪಂ. ಇತ್ತ ಮೈಸೂರು ಸೀಮೆ, ಅತ್ತ ಮದರಾಸು ಪ್ರಾಂತ್ಯ. ರೈಲು ಗಡಿ ದಾಟುವುದು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಎರಡೂ ಕಡೆ ಅದೇ ಕೆಂಪು ಹೊಲ, ಅದೇ ಹುಣಸೆ ಮರ, ಅದೇ ಕುಲದ ಜನ. ಮುನಿಸ್ವಾಮಪ್ಪ ಅಲ್ಲಿನ ಹೆಣ್ಣುಗಳನ್ನು ಇಲ್ಲಿಗೆ, ಇಲ್ಲಿನವರನ್ನು ಅಲ್ಲಿಗೆ ಕೊಡಿಸುತ್ತ ಕೂದಲು ನರೆಸಿಕೊಂಡ. ಸ್ವಂತ ಮದುವೆಯ ಮಾತು ಬಂದರೆ, "ನಂಗೆ ಎಣ್ಣು ನೋಡೋಕೆ ಇನ್ನೊಬ್ಬ ಮುನಿಸ್ವಾಮಪ್ಪ ಬೇಕಲ್ಲ, ಎಲ್ಲವ್ನೆ ಅವ್ನು?" ಎಂದು ನಗುತ್ತಿದ್ದ.

ಅವನಲ್ಲಿ ಒಂದು ಐಬಿತ್ತು. ಎದುರಿಗೆ ಕೂತವನ ಮುಖ ಅರಳಿಸಲು ಏನು ಬೇಕೋ ಅದನ್ನೇ ಹೇಳಿಬಿಡುತ್ತಿದ್ದ. ಹುಡುಗ ಕುಳ್ಳನಿದ್ದರೆ "ಇನ್ನೂ ಬೆಳೀತಾನೆ" ಅನ್ನುವನು. ಹುಡುಗಿಗೆ ಅಡುಗೆ ಬಾರದಿದ್ದರೆ "ಅವ್ಳ ಕೈಯಿನ ಸಾರಿಗೆ ಊರೇ ಬತ್ತದೆ" ಅನ್ನುವನು. ಮದುವೆಯಾದ ಮೇಲೆ ಜನ ನಕ್ಕು ಸುಮ್ಮನಾಗುತ್ತಿದ್ದರು. ಹೀಗೆ ನಡೆದುಕೊಂಡು ಬಂದಿತ್ತು.

ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಅತ್ತ ಕಡೆಯಿಂದ ಒಂದು ಮಾತು ರೈಲು ಹತ್ತಿ ಬಂತು. ಮದರಾಸು ಪ್ರಾಂತ್ಯವನ್ನು ಒಡೆಯಬೇಕಂತೆ, ತೆಲುಗಿನವರಿಗೆ ಬೇರೆ ರಾಜ್ಯ ಕೊಡಬೇಕಂತೆ. ಮಾತು ಹೊಸದಲ್ಲ, ಎಷ್ಟೋ ವರ್ಷಗಳಿಂದ ಸಭೆಗಳಲ್ಲಿ ನಡೆದಿದ್ದದ್ದೇ. ಆದರೆ ಆ ವರ್ಷ ಮದರಾಸಿನ ಶಾಸನಸಭೆಯೇ ಹೂಂ ಅಂದಿತೆಂದು ಪತ್ರಿಕೆಯಲ್ಲಿ ಬಂದ ಮೇಲೆ, ಆಗ ಬೌರಿಂಗ್‌ಪೇಟೆ ಎಂದು ಬೋರ್ಡಿದ್ದ ಬಂಗಾರಪೇಟೆಯ ಸ್ಟೇಷನ್ನಿನಲ್ಲಿ, ಸಂತೆಗಳಲ್ಲಿ, ಕ್ಷೌರದ ಕಟ್ಟೆಗಳಲ್ಲಿ ಅದೇ ಮಾತಾಯಿತು. ಮದರಾಸು ಒಡೆದರೆ ಮೈಸೂರಿನವರಿಗೇನು? ಕೋಲಾರದ ಹಳ್ಳಿಗಳಲ್ಲಿ ಎಷ್ಟೋ ಮನೆಗಳ ಒಳಮಾತು ತೆಲುಗು. ರಾಜ್ಯ ಬಂದರೆ ಕೋಲಾರವನ್ನೂ ಕೇಳದೆ ಬಿಟ್ಟಾರೆಯೇ ಎಂದು ಕೆಲವರಿಗೆ ಆಸೆ, ಕೆಲವರಿಗೆ ದಿಗಿಲು.

ಮುನಿಸ್ವಾಮಪ್ಪನ ಕಸುಬಿಗೂ ಅದು ಬಂದು ತಟ್ಟಿತು. ಮೊದಲೆಲ್ಲ ಹೆಣ್ಣು ಕೊಡುವವರು ಬಾವಿಯಲ್ಲಿ ನೀರಿದೆಯೇ, ಹಟ್ಟಿಯಲ್ಲಿ ದನ ಎಷ್ಟು ಎಂದು ಕೇಳುತ್ತಿದ್ದರು. ಈಗ, "ಆ ಊರು ಎತ್ಲಾಗೆ ಓಗ್ತದಪ್ಪಾ?" ಅನ್ನತೊಡಗಿದರು. ಅವನು ಕೇಳಿದವರ ಮುಖ ನೋಡಿ, ಅವರಿಗೆ ಬೇಕಾದ ಕಡೆಗೆ ಊರನ್ನು ಕಳಿಸಿಬಿಡುತ್ತಿದ್ದ.

ಹಾಗೆ ಕುದುರಿಸಿದ್ದೇ ಜಯರಾಮಪ್ಪನ ಮಗ ಆದಿನಾರಾಯಣನ ಸಂಬಂಧ. ಜಯರಾಮಪ್ಪ ಕಾಮಸಮುದ್ರದ ಹತ್ತಿರದ ಹಳ್ಳಿಯ ದೊಡ್ಡ ಒಕ್ಕಲು. ಒಮ್ಮೆ ಮೈಸೂರು ದಸರಾ ನೋಡಿಬಂದವನು, ಅದರ ಮಾತು ಇನ್ನೂ ಮುಗಿಸಿರಲಿಲ್ಲ. ನಡುಮನೆಯಲ್ಲಿ ಮಹಾರಾಜರ ಪಟ, ಅದಕ್ಕೆ ದಿನವೂ ಹೂವು. ಹೆಣ್ಣಿನ ತಂದೆ ಸುಬ್ಬರಾಯಪ್ಪ ಗುಡುಪಲ್ಲಿ ಕಡೆಯವನು. ಖಾದಿ ಉಡುವವನು, ತೆಲುಗು ರಾಜ್ಯದ ಸಭೆ ಎಲ್ಲಿದ್ದರೂ ಬುತ್ತಿ ಕಟ್ಟಿಕೊಂಡು ಹೋಗುವವನು. ಮಗಳು ಅಶ್ವತ್ಥಮ್ಮ ಬೇತಮಂಗಲದ ನೆಂಟರ ಮನೆಗೆ ಬಂದಿದ್ದಾಗ ಆದಿನಾರಾಯಣ ಅವಳನ್ನು ಕೆರೆಯ ಏರಿಯ ಮೇಲೆ ನೋಡಿದ್ದ. ಅವಳೂ ನೋಡಿದ್ದಳು. ಇಬ್ಬರಿಗೂ ಬೇರೆ ಯಾವ ಪ್ರಾಂತ್ಯದ ಯೋಚನೆಯೂ ಇರಲಿಲ್ಲ.

ಮುನಿಸ್ವಾಮಪ್ಪ ಜಯರಾಮಪ್ಪನಿಗೆ ಹೇಳಿದ್ದು ಹೀಗೆ: "ಸುಬ್ಬರಾಯಪ್ಪನೋರಾ? ಅಯ್ಯೋ, ಮೈಸೂರು ಅಂದ್ರೆ ಪ್ರಾಣ ಬಿಡ್ತಾರೆ. ಮಗ್ಳನ್ನ ಮಹಾರಾಜರ ಸೀಮೆಗೇ ಕೊಡ್ಬೇಕು ಅಂತ ಹಟ ಹಿಡ್ದವ್ರೆ." ಸುಬ್ಬರಾಯಪ್ಪನಿಗೆ ಹೇಳಿದ್ದು: "ಜಯರಾಮಪ್ಪನೋರ ಮನೇಲಿ ಬರೀ ತೆಲುಗು. ನಿಮ್ ರಾಜ್ಯ ಬಂದ್ರೆ ಮೊದ್ಲು ಕೈ ಎತ್ತೋರು ಅವ್ರೇ ನೋಡ್ತಿರಿ."

ಕಾರ್ತಿಕದಲ್ಲಿ ತಾಂಬೂಲ ಬದಲಿಸುವ ಶಾಸ್ತ್ರ ಸುಬ್ಬರಾಯಪ್ಪನ ಮನೆಯಲ್ಲಿ ಇಟ್ಟುಕೊಂಡರು. ಗಂಡಿನ ಕಡೆಯವರು ಎರಡು ಗಾಡಿಗಳಲ್ಲಿ ಬಂದರು. ಚಾಪೆ ಹಾಸಿತ್ತು, ಮಜ್ಜಿಗೆ ಕೊಟ್ಟಾಯಿತು, ಮುನಿಸ್ವಾಮಪ್ಪ ವೀಳ್ಯದ ತಟ್ಟೆ ಹಿಡಿದು ನಡುವೆ ಕೂತಿದ್ದ. ಬೀಗರನ್ನು ಸಂತೋಷಪಡಿಸಬೇಕೆಂದೇ ಸುಬ್ಬರಾಯಪ್ಪ ಮಾತು ತೆಗೆದ.

"ಇನ್ನೇನು ಬೀಗ್ರೆ, ನಾವು ನೀವು ಒಂದೇ. ರಾಜ್ಯ ಬರ್ಲಿ, ಕೋಲಾರಾನೂ ನಮ್ಮಲ್ಲಿಗೇ ಬತ್ತದೆ. ಮೊದ್ಲು ಕೈ ಎತ್ತೋರು ನೀವೇ ಅಂತೆ!"

ಜಯರಾಮಪ್ಪ ಮಜ್ಜಿಗೆ ಲೋಟ ಕೆಳಗಿಟ್ಟ. "ಯಾವ ಕೈ?"

ಮುನಿಸ್ವಾಮಪ್ಪ ಅವಸರದಲ್ಲಿ, "ತಾಂಬೂಲದ ಒತ್ತು ಮೀರ್ತದೆ" ಅಂದ. ಯಾರೂ ಅವನ ಕಡೆ ನೋಡಲಿಲ್ಲ.

"ಮೈಸೂರು ಅಂದ್ರೆ ಪ್ರಾಣ ಬಿಡ್ತೀರಿ ಅಂತ ಕೇಳಿದ್ದೆ" ಎಂದ ಜಯರಾಮಪ್ಪ.

"ಯಾರು, ನಾನಾ? ಮೈಸೂರಲ್ಲಿ ನಂದೇನೈತೆ? ಬೇಕಾದ್ರೆ ನೋಡಿ, ಕೋಲಾರ ಚಿನ್ನದ ಗಣಿ ಸಮೇತ ಬತ್ತದೆ."

"ಚಿನ್ನ ಇಂಗ್ಲೆಂಡಿಗೆ ಓಗ್ತೈತೆ ಸ್ವಾಮಿ. ನಿಮ್ಗೆ ಸಿಕ್ಕೋದು ಗಣಿ ಪಕ್ಕ ಕುಟ್ಟಿ ಬಿಸಾಕಿರೋ ಆ ಬಿಳೀ ಮಣ್ಣಿನ ಗುಡ್ಡ. ತಗೊಂಡೋಗಿ, ನಮ್ ಕಣ್ಣಿಗೆ ದೂಳು ಬೀಳೋದಾದ್ರೂ ತಪ್ತದೆ!"

ಮಾತಿಗೆ ಮಾತು ಏರಿತು. ಕೊನೆಗೆ ಜಯರಾಮಪ್ಪ ಎದ್ದುನಿಂತು, ಕನ್ನಡ ನಾಡಿನ ಮಾನ ಕಾಯುವವನಂತೆ ಎದೆಯುಬ್ಬಿಸಿ, ತನ್ನವರಿಗೆ ಹೊರಡಲು ಅಪ್ಪಣೆ ಕೊಟ್ಟ: "ಚಾಲು ಚಾಲು! ಲೇವಂಡ್ರಾ!"

ಸಾಕು, ಏಳಿರೋ ಅಂದದ್ದು. ಸಿಟ್ಟು ಬಂದಾಗ ಅವನ ಬಾಯಿಗೆ ಬರುತ್ತಿದ್ದದ್ದು ತೆಲುಗೇ. ಅಡುಗೆಮನೆಯ ಬಾಗಿಲಲ್ಲಿ ಯಾರೋ ಹೆಂಗಸು ಕಿಸಕ್ಕನೆ ನಕ್ಕಳು. ಸುಬ್ಬರಾಯಪ್ಪನ ತಂಗಿ ಚಿಕ್ಕವೆಂಕಟಮ್ಮ, ಶಾಸ್ತ್ರಕ್ಕೆಂದು ಬಂದಿದ್ದವಳು. ಇಬ್ಬರು ಯಜಮಾನರೂ ಅವಳ ಕಡೆ ತಿರುಗಿದರು, ಆಮೇಲೆ ಒಟ್ಟಿಗೇ ಮುನಿಸ್ವಾಮಪ್ಪನ ಕಡೆ ತಿರುಗಿದರು. ಇಬ್ಬರಿಗೂ ಈಗ ಅರ್ಥವಾಗಿತ್ತು. ಆ ಒಂದು ಗಳಿಗೆಯಲ್ಲಿ ಮಾತ್ರ ಇಬ್ಬರ ಅಭಿಪ್ರಾಯ ಒಂದಾಗಿತ್ತು. ಅವನಿಗೆ ಬಿದ್ದ ಬೈಗುಳದಲ್ಲಿ ಯಾವ ಭಾಷೆಯೂ ಹಿಂದೆ ಉಳಿಯಲಿಲ್ಲ. ಗಾಡಿಗಳು ಹೊರಟವು. ಆದಿನಾರಾಯಣ ಕೊನೆಯಲ್ಲಿ ಹತ್ತಿದ, ತಿರುಗಿ ತಿರುಗಿ ನೋಡುತ್ತಾ ಹೋದ. ಒಳಗೆ ಅಶ್ವತ್ಥಮ್ಮ ಮುಡಿದ ಹೂವನ್ನು ತೆಗೆಯುವುದೋ ಬೇಡವೋ ತಿಳಿಯದೆ ಕೂತಿದ್ದಳು.

ಮುನಿಸ್ವಾಮಪ್ಪ ತಟ್ಟೆ ಹಿಡಿದೇ ಅಂಗಳದಲ್ಲಿ ನಿಂತಿದ್ದ. ಚಿಕ್ಕವೆಂಕಟಮ್ಮ ಬಂದು ತಟ್ಟೆಯನ್ನು ಇಸಿದುಕೊಂಡು, "ಎಲೆ ಬಾಡ್ತದೆ, ಕೊಡಿ ಇತ್ಲಾಗೆ" ಅಂದಳು.

ಸಂಬಂಧಗಳು ಮುರಿಯುವುದು ಅವನಿಗೆ ಹೊಸದಲ್ಲ. ಆದರೆ ತನ್ನ ಬಾಯಿಂದಲೇ ಮುರಿದದ್ದು ಇದೇ ಮೊದಲು. ಜಯರಾಮಪ್ಪನ ಮನೆಗೆ ಹೋದ. ಜಯರಾಮಪ್ಪ ಮುಖ ಕೊಟ್ಟು ಮಾತಾಡಲಿಲ್ಲ. ಮುದ್ದೆ, ಸೊಪ್ಪಿನ ಸಾರು ಹೊಟ್ಟೆ ತುಂಬ ಬಡಿಸಿ ಕಳಿಸಿದ. ಬೈದಿದ್ದರೆ ಎಷ್ಟೋ ವಾಸಿಯಾಗಿತ್ತು ಅನ್ನಿಸಿತು ಮುನಿಸ್ವಾಮಪ್ಪನಿಗೆ.

ಮರುದಿನ ರೈಲು ಹತ್ತಿ ಊರಿಗಾಂಗೆ ಹೋದ. ಅಣ್ಣನ ಮನಸ್ಸು ಬಲ್ಲ ಚಿಕ್ಕವೆಂಕಟಮ್ಮ ಇರುವುದು ಅಲ್ಲಿ. ಗಂಡ ಜ್ವರದಲ್ಲಿ ತೀರಿಕೊಂಡ ಮೇಲೆ, ತವರಿಗೆ ಬಾ ಎಂದು ಅಣ್ಣ ಕರೆದರೂ ಹೋಗದೆ, ಗಣಿ ಕೆಲಸದವರ ಸಾಲುಮನೆಗಳಾದ ಲೈನುಗಳ ಪಕ್ಕದಲ್ಲಿ ಊಟದ ಮನೆ ಇಟ್ಟುಕೊಂಡಿದ್ದಳು. ಜೊತೆಗೆ ಮಾರಿಯಮ್ಮ ಎಂಬ ತಮಿಳು ಹೆಂಗಸು. ಮಕ್ಕಳಿರಲಿಲ್ಲ, ಬರುವ ಗಣಿಯವರೆಲ್ಲ ಅಕ್ಕಾ ಎಂದೇ ಕರೆಯುತ್ತಿದ್ದರು. ವಯಸ್ಸು ನಲವತ್ತರ ಹತ್ತಿರ, ನಕ್ಕರೆ ಮೈಯೆಲ್ಲ ಕುಲುಕುವಂಥ ನಗು.

ಅವರೆಕಾಯಿ ಕಾಲ. ಅಂಗಳದಲ್ಲಿ ನೆನೆಸಿದ ಅವರೆಕಾಳಿನ ದೊಡ್ಡ ಪಾತ್ರೆ ಮುಂದಿಟ್ಟುಕೊಂಡು ಇಬ್ಬರು ಹೆಂಗಸರೂ ಕೂತಿದ್ದರು. ಮುನಿಸ್ವಾಮಪ್ಪನನ್ನು ಕಂಡು ಚಿಕ್ಕವೆಂಕಟಮ್ಮ, "ಬನ್ನಿ, ಸುಮ್ನೆ ಕೂತ್ಕೊಂಡ್ರೆ ಊಟ ಇಲ್ಲ. ಬೇಳೆ ಹಿಸುಕಿ" ಅಂದಳು. ಅವನು ಕಾಳು ಹಿಸುಕುತ್ತಾ ಎಲ್ಲವನ್ನೂ ಹೇಳಿಕೊಂಡ. ಮೊದಮೊದಲು ಬೇಳೆ ಅವನ ಬೆರಳಿನಿಂದ ಜಾರಿ ಮಾರಿಯಮ್ಮನ ಮಡಿಲಿಗೆ ಹಾರುತ್ತಿತ್ತು.

"ಇಬ್ರಿಗೂ ಸುಳ್ಳೇಳಿ ಕೆಡ್ಸಿದ್ರಿ" ಎಂದಳು ಚಿಕ್ಕವೆಂಕಟಮ್ಮ. "ಈಗ ಒಂದ್ ಸಲ ನಿಜ ಏಳಿ ನೋಡಿ."

"ಯಾವ್ ನಿಜ?"

"ನಮ್ಮಣ್ಣಂಗೆ ರಾಜ್ಯದ ಉಚ್ಚು ಯಾಕೆ ಇಡೀತು, ಗೊತ್ತಾ? ಜಮೀನಿನ ವ್ಯಾಜ್ಯಕ್ಕೆ ಅಂತ ಒಂದ್ಸಲ ಮದ್ರಾಸಿಗೆ ಓಗಿದ್ದ. ಕಚೇರೀಲಿ ಅವನ ಮಾತು ಒಬ್ರಿಗೂ ಬೇಕಾಗಿರ್ಲಿಲ್ಲ. ಬಿಸಿಲಲ್ಲಿ ಗೇಟಿನತ್ರ ನಿಲ್ಲಿಸಿದ್ರು. ಒಬ್ಬ ಜವಾನ ಅವನು ಮಾತಾಡೋದನ್ನ ಅಣಕಿಸಿದ್ನಂತೆ, ಎಲ್ಲಾ ನಕ್ರಂತೆ. ಊರಲ್ಲಿ ನಾಲ್ಕು ಜನಕ್ಕೆ ನ್ಯಾಯ ಏಳೋ ಮನುಷ್ಯ. ಮನೆಗೆ ಬಂದು ಯಾರತ್ರಾನೂ ಏಳ್ಕೊಳ್ಳಿಲ್ಲ, ನನ್ನತ್ರ ಮಾತ್ರ ಏಳ್ದ. ಅವತ್ತಿಂದ ಸಭೆ ಸಭೆ ಅಂತ ತಿರುಗ್ತಾವ್ನೆ. ಅವನಿಗೆ ಬೇಕಾಗಿರೋದು ನಿಮ್ ಕೋಲಾರ ಅಲ್ಲ, ತನ್ ಮಾತು ತಿಳಿಯೋ ಒಂದು ಕಚೇರಿ."

ಮುನಿಸ್ವಾಮಪ್ಪನ ಕೈ ನಿಂತಿತು. ಇಷ್ಟು ವರ್ಷ ಜನರ ಮನೆಯೊಳಗೆ ಕೂತೆದ್ದರೂ ಇಂಥದ್ದೊಂದನ್ನು ಅವನು ಕೇಳಿರಲಿಲ್ಲ. ಕೇಳುವ ಮೊದಲೇ ಅವನೇ ಮಾತಾಡಿಬಿಡುತ್ತಿದ್ದ.

ಆ ಮಧ್ಯಾಹ್ನವೇ ವಾಪಸು ಹೊರಟ. ಜಯರಾಮಪ್ಪ ಹೊಲದಲ್ಲಿ ರಾಗಿ ಕೊಯ್ಲಿನ ಹತ್ತಿರ ನಿಂತಿದ್ದ. ಮುನಿಸ್ವಾಮಪ್ಪ ಬದುವಿನ ಮೇಲೆ ನಿಂತೇ, ಒಂದು ಅಕ್ಷರ ಕೂಡಿಸದೆ, ಒಂದು ಅಕ್ಷರ ಕಳೆಯದೆ, ಕೇಳಿದ್ದನ್ನೆಲ್ಲ ಹೇಳಿದ. ದೊಡ್ಡ ಗಂಟಲಿನವನ ಧ್ವನಿ ಅವತ್ತು ಮೆಲ್ಲಗಿತ್ತು.

ಜಯರಾಮಪ್ಪ ಕೇಳಿಸಿಕೊಂಡ. ಕೈಯಲ್ಲಿದ್ದ ರಾಗಿ ತೆನೆಯನ್ನು ಉಜ್ಜಿ ಹೊಟ್ಟು ಊದಿದ. ಆಮೇಲೆ, "ನಿಲ್ಲಿಸಿದ್ರಾ? ಬಿಸಿಲಲ್ಲಿ?" ಅಂದ.

"ಊಂ."

"ಅಂಥಾ ಹಿರೀ ಮನುಷ್ಯನ್ನ?" ಅವನ ಮುಖ ಕೆಂಪೇರಿತು. "ನಮ್ ಬೀಗ್ರನ್ನ ಅಣಕಿಸಿದ್ನಾ ಆ ನನ್ಮಗ?" ಬದುವಿನ ಹತ್ತಿರ ಬಂದು ತಗ್ಗಿದ ದನಿಯಲ್ಲಿ ಹೇಳಿದ: "ನಂಗೂ ಅದೇ ಭಯ ಕಣಯ್ಯಾ ಮುನಿಸ್ವಾಮಿ. ಇಲ್ಲಿ ಅಮಲ್ದಾರ್ರು ಜಯರಾಮಪ್ಪಾ ಬಾ ಕೂತ್ಕೊ ಅಂತಾರೆ. ನಾಳೆ ಅತ್ಲಾಗೆ ಓದ್ರೆ ನನ್ನೂ ಯಾವ್ದೋ ಗೇಟಿನತ್ರ ನಿಲ್ಸಿದ್ರೆ?"

'ಬೀಗ್ರು' ಎಂಬ ಮಾತು ಅವನ ಬಾಯಿಂದ ತಾನಾಗಿ ಬಂದದ್ದನ್ನು ಮುನಿಸ್ವಾಮಪ್ಪ ಗಮನಿಸಿದ. ಆದರೆ ಅಪರೂಪಕ್ಕೆ ಬಾಯಿ ಮುಚ್ಚಿಕೊಂಡಿದ್ದ.

ಜಯರಾಮಪ್ಪ ಯಾರ ಸಂಗಡವೂ ಆಲೋಚನೆ ಮಾಡಲಿಲ್ಲ. ಬೆಳಗಾಗುತ್ತಲೇ ಮಂಕರಿಯ ತುಂಬ ಸೊಗಡಿನ ಅವರೆಕಾಯಿ ಹೊರಿಸಿಕೊಂಡು, ಮುನಿಸ್ವಾಮಪ್ಪನನ್ನೂ ಎಳೆದುಕೊಂಡು ಗುಡುಪಲ್ಲಿ ರೈಲು ಹತ್ತಿದ. ಸುಬ್ಬರಾಯಪ್ಪ ಜಗಲಿಯ ಮೇಲೆ ಪತ್ರಿಕೆ ಓದುತ್ತಿದ್ದವನು, ಇವರನ್ನು ಕಂಡು ಅದನ್ನು ಮುಖಕ್ಕೆ ಅಡ್ಡ ಹಿಡಿದ. ಜಯರಾಮಪ್ಪ ಅಂಗಳದಲ್ಲೇ ನಿಂತು, ತಾನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಬಂದಿದ್ದನ್ನು ಹೇಳಿದ.

"ನಿಮ್ ರಾಜ್ಯ ನಿಮ್ಗೆ ಬರ್ಲಿ ಬೀಗ್ರೆ. ಬರ್ಲೇಬೇಕು. ಅದಕ್ಕೆ ನಾನೂ ಕೈ ಎತ್ತೀನಿ. ಕೋಲಾರ ಮಾತ್ರ ಕೇಳ್ಬೇಡಿ."

ಪತ್ರಿಕೆ ಕೆಳಗಿಳಿಯಿತು. ಸುಬ್ಬರಾಯಪ್ಪ ಅವನನ್ನು ನೋಡಿದ, ಮಂಕರಿಯನ್ನು ನೋಡಿದ, ಹಿಂದೆ ನಿಂತಿದ್ದ ಮುನಿಸ್ವಾಮಪ್ಪನನ್ನು ನೋಡಿದ. ಏನು ನಡೆದಿದೆಯೆಂದು ಅವನಿಗೆ ಹೊಳೆಯಿತು. ಕಣ್ಣು ತುಂಬಿಬಂದದ್ದನ್ನು ಅಡಗಿಸಲು ಪತ್ರಿಕೆಯನ್ನು ಮಡಿಸತೊಡಗಿದ.

"ಕೇಳ್ತೀನಿ. ಕೇಳ್ದೆ ಇರೋಕಾಗಲ್ಲ."

"ಕೇಳಿ. ನಾನು ಕೊಡಲ್ಲ."

"ಕೊಡ್ಬೇಡಿ. ಮೊದ್ಲು ಮೇಲೆ ಬಂದು ಕೂತ್ಕೊಳ್ಳಿ" ಎಂದು ಸುಬ್ಬರಾಯಪ್ಪ ಇಳಿದುಬಂದು ಕೈ ಹಿಡಿದ. ಒಳಗೆ ಬಳೆಗಳ ಸದ್ದಾಯಿತು. ಅಶ್ವತ್ಥಮ್ಮ ಹಿತ್ತಲಿಗೆ ಓಡಿಹೋಗಿ ಗೆಳತಿಯ ಹೆಗಲ ಮೇಲೆ ಮುಖವಿಟ್ಟು ನಕ್ಕಳಂತೆ.

ಮಾಘದಲ್ಲಿ ಮದುವೆ ಆಯಿತು. ಚಪ್ಪರದ ಕೆಳಗೆ ಬೀಗರಿಬ್ಬರೂ ಪಕ್ಕಪಕ್ಕ ಕೂತು ಕೋಲಾರ ಯಾರದೆಂದು ವಾದ ಮಾಡುತ್ತಲೇ ಇದ್ದರು. ತಾಳಿ ಕಟ್ಟುವ ಹೊತ್ತಿಗೆ ಪುರೋಹಿತರು ಅಕ್ಷತೆ ಹಾಕಿರೆಂದು ಎರಡು ಸಲ ಕೂಗಬೇಕಾಯಿತು. ಊರಿಗಾಂನಿಂದ ಚಿಕ್ಕವೆಂಕಟಮ್ಮ, ಮಾರಿಯಮ್ಮ ಮತ್ತು ಊಟದ ಮನೆಯ ಹತ್ತಾರು ಗಣಿಯವರು ಬಂದಿದ್ದರು. ಅಡುಗೆ ಅವರದೇ. ಒಲೆಯ ಬಳಿ ತಮಿಳು, ಚಪ್ಪರದಲ್ಲಿ ತೆಲುಗು, ಪಂಕ್ತಿಯಲ್ಲಿ ಕನ್ನಡ. ಹಿದುಕಿದ ಬೇಳೆಯ ಸಾರನ್ನು ಮಾತ್ರ ಎಲ್ಲರೂ ಮಾತಿಲ್ಲದೆ ಸುರಿದುಂಡರು.

ಊಟವಾದ ಮೇಲೆ ಚಿಕ್ಕವೆಂಕಟಮ್ಮ ಪಾತ್ರೆ ಜೋಡಿಸುತ್ತಾ ಮುನಿಸ್ವಾಮಪ್ಪನನ್ನು ಕರೆದಳು. "ಒಂದು ಸಂಬಂಧ ನೋಡಿ ಕೊಡ್ಬೇಕಲ್ಲ."

"ಯಾರ್ಗಮ್ಮಾ?"

"ಒಬ್ಳವ್ಳೆ. ವಯಸ್ಸು ನಲವತ್ತು. ಸ್ವಂತ ಊಟದ ಮನೆ ಐತೆ. ಸುಳ್ಳೇಳಿದ್ರೆ ಸಹಿಸಲ್ಲ. ಬೇಳೆ ಹಿಸುಕೋಕೆ ಬರೋರಾದ್ರೆ ವಾಸಿ."

ಕಸುಬಿನ ಅಭ್ಯಾಸ, ಮುನಿಸ್ವಾಮಪ್ಪ ಕಣ್ಣು ಮುಚ್ಚಿ ಯೋಚಿಸಿದ. "ಬೇತಮಂಗಲದಲ್ಲಿ ಸೀನಪ್ಪ ಅಂತ ಒಬ್ಬನವ್ನೆ, ಎಂಡ್ತಿ ಓಗಿ ವರ್ಷವಾಯ್ತು, ಒಳ್ಳೇವ್ನು, ಸ್ವಲ್ಪ ಗೊರಕೆ..." ಎಂದು ಶುರುಮಾಡಿ ಕಣ್ಣು ತೆರೆದ. ಚಿಕ್ಕವೆಂಕಟಮ್ಮ ಸೌಟು ಹಿಡಿದು ಅವನನ್ನೇ ನೋಡುತ್ತಿದ್ದಳು. ಮಾರಿಯಮ್ಮ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ಮುನಿಸ್ವಾಮಪ್ಪನಿಗೆ ಆ ಹೊತ್ತು ಕನ್ನಡವೂ ಬರಲಿಲ್ಲ, ತೆಲುಗೂ ಬರಲಿಲ್ಲ, ತಮಿಳೂ ಬರಲಿಲ್ಲ.

ಮಾತುಕತೆ ನಡೆಸಲು ಹಿರಿಯರು ಬೇಕಲ್ಲ. ಹೆಣ್ಣಿನ ಕಡೆಗೆ ಅಣ್ಣ ಸುಬ್ಬರಾಯಪ್ಪ, ಗಂಡಿನ ಕಡೆಗೆ ಜಯರಾಮಪ್ಪ. "ಹುಡುಗ ಎಂಥವ್ನು?" ಎಂದು ಸುಬ್ಬರಾಯಪ್ಪ ಮೀಸೆ ತಿರುವಿ ಕೇಳಿದ. "ಮುತ್ತಿನಂಥವ್ನು. ಮಾತು ಕಮ್ಮಿ" ಅಂದ ಜಯರಾಮಪ್ಪ. ಅಲ್ಲಿ ಕೂತವರು ನಕ್ಕದ್ದು ಬೀದಿಯ ತುದಿಗೆ ಕೇಳಿಸಿತು.

ಗಂಡ ಸತ್ತವಳು ಮತ್ತೆ ಸೀರೆ ಉಡುವ ಶಾಸ್ತ್ರಕ್ಕೆ ಅವರಲ್ಲಿ ಉಡಿಕೆ ಅನ್ನುತ್ತಿದ್ದರು. ಹಳ್ಳಿಗಳಲ್ಲಿ ಅದನ್ನು ಕತ್ತಲಾದ ಮೇಲೆ, ಸದ್ದಿಲ್ಲದೆ ಮುಗಿಸಿಬಿಡುವುದು ವಾಡಿಕೆ. ಚಿಕ್ಕವೆಂಕಟಮ್ಮ ಒಪ್ಪಲಿಲ್ಲ. "ನಾನೇನ್ ಕದ್ಕೊಂಡು ಓಗ್ತಾ ಇದೀನಾ? ಅಗಲೊತ್ನಲ್ಲೇ ಆಗ್ಲಿ" ಅಂದಳು. ಭಾನುವಾರ, ಬಿಸಿಲು ಚೆನ್ನಾಗಿ ಏರಿದ ಮೇಲೆ, ಊರಿಗಾಂನ ಲೈನಿನ ನಡುವಿನ ಬಯಲಿನಲ್ಲಿ ಚಾಪೆ ಹಾಸಿದರು. ಕಪ್ಪಂಚಿನ ಹಸಿರು ಸೀರೆ ಮುನಿಸ್ವಾಮಪ್ಪ ತಾನೇ ಬಂಗಾರಪೇಟೆಯಿಂದ ಆರಿಸಿ ತಂದದ್ದು. ಅವನು ಕೂಡಿಸಿದ ಜೋಡಿಗಳು ಗಡಿಯ ಎರಡೂ ಕಡೆಯಿಂದ ಮಕ್ಕಳು ಮರಿ ಕಟ್ಟಿಕೊಂಡು ಬಂದಿದ್ದರು. ಕರೆದವರು ಯಾರೋ ಗೊತ್ತಿಲ್ಲ, ಗಣಿಯವರ ತಮಟೆಯೂ ಬಂತು. ಹೊಸ ಸೊಸೆ ಅಶ್ವತ್ಥಮ್ಮ ಸೋದರತ್ತೆಗೆ ಹೂ ಮುಡಿಸಿದಳು. ಜಯರಾಮಪ್ಪ ತಮಟೆಗೆ ಎರಡು ಹೆಜ್ಜೆ ಹಾಕಿ, ಮೊಣಕಾಲು ಹಿಡಿದುಕೊಂಡು ಕೂತುಬಿಟ್ಟ. ಸುಬ್ಬರಾಯಪ್ಪ ಅವನ ಜಾಗದಲ್ಲಿ ಮುಂದುವರಿಸಿದ.

ಮಾರನೆಯ ಬೆಳಿಗ್ಗೆ ಕೆಲಸಕ್ಕೆ ಕರೆಯುವ ಗಣಿಯ ಸಂಗು ಕೂಗಿದಾಗ ಊಟದ ಮನೆಯ ಮುಂದೆ ಎಂದಿನಂತೆ ಕೆಲಸದವರ ಸಾಲು ನಿಂತಿತ್ತು. ಚಿಕ್ಕವೆಂಕಟಮ್ಮ ಇಡ್ಲಿ ತಟ್ಟೆ ಇಳಿಸುತ್ತಿದ್ದಳು, ಮಾರಿಯಮ್ಮ ಚಟ್ನಿ ಹಾಕುತ್ತಿದ್ದಳು. ಅಂಗೈಯ ಅರಿಶಿನ ಇನ್ನೂ ಮಾಸದ ಮುನಿಸ್ವಾಮಪ್ಪ ಎಲೆ ಹಾಸುತ್ತಾ ಬಂದ. "ಪುದು ಮಾಪ್ಪಿಳ್ಳೈ!" ಎಂದು ತಮಿಳರು ಹೊಸ ಮದುಮಗನನ್ನು ಕೂಗಿದರು. "ಏಮಯ್ಯಾ ಪೆಂಡ್ಲಿಕೊಡುಕಾ, ನಿದ್ದೆ ಆಯ್ತಾ?" ಎಂದು ತೆಲುಗಿನವರು ಚುಡಾಯಿಸಿದರು. ಅವನು ಒಬ್ಬೊಬ್ಬರಿಗೂ ಅವರವರ ಮಾತಿನಲ್ಲೇ ಉತ್ತರ ಕೊಡುತ್ತಾ ಇಡ್ಲಿ ಬಡಿಸಿದ. ಒಬ್ಬ ಹುಡುಗ ಗಣಿಗೆ ಹೊಸದಾಗಿ ಬಂದವನು, ಇಡ್ಲಿ ಹೇಗಿದೆಯೋ ಎಂದು ಅನುಮಾನದಿಂದ ಕೇಳಿದ. ಮುನಿಸ್ವಾಮಪ್ಪ ಬಾಯಿ ತೆರೆದ, ಒಲೆಯ ಕಡೆ ಒಮ್ಮೆ ನೋಡಿದ.

"ಇವತ್ತು ಸ್ವಲ್ಪ ಗಟ್ಟಿ ಆಗೈತೆ ಕಣಪ್ಪಾ" ಎಂದ. "ಚಟ್ನಿ ಜಾಸ್ತಿ ಆಕಿಸ್ಕೊ."